ಬುಟ್ಟಿಗೆ ಹಾಕದೆ ಬಿಟ್ಟ ಅಣಬೆಗಳು: ಮಲೆನಾಡಿನ ಒಂದು ಶಿಬಿರದ ವಿಮರ್ಶೆ

ಕಳೆದ ಪುಷ್ಯ ಮಳೆಯ ಹೊತ್ತಿನಲ್ಲಿ, ತೀರ್ಥಹಳ್ಳಿ ಮತ್ತು ಆಗುಂಬೆಯ ನಡುವಿನ ಒಂದು ಹೋಂಸ್ಟೇಯಲ್ಲಿ ನಡೆದ ಎರಡು ದಿನಗಳ ಕಾಡಣಬೆ ಪರಿಚಯ ಶಿಬಿರಕ್ಕೆ ಹೋಗಿಬಂದೆ. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ, ತಲೆಗೆ 5,200 ರೂಪಾಯಿ. ಊಟ, ಒಂದು ರಾತ್ರಿಯ ವಸತಿ, ಮೂರು ನಡಿಗೆಗಳು ಮತ್ತು ಒಂದು ಚಿತ್ರಗಳ ಕೈಪಿಡಿ ಅದರಲ್ಲೇ ಸೇರಿದ್ದವು. ನಾವು 14 ಮಂದಿ ಇದ್ದೆವು, ಹೆಚ್ಚಿನವರು ಬೆಂಗಳೂರಿನವರು. ನಡೆಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಳೆಗಾಲ ಬಂತೆಂದರೆ ಇಂಥ ಶಿಬಿರಗಳೂ ನಾಯಿಕೊಡೆಗಳಂತೆಯೇ ಏಳುತ್ತಿರುವುದರಿಂದ, ಒಂದರ ಗುಣದೋಷವನ್ನು ವಿವರವಾಗಿ ಹೇಳಿದರೆ ಬೇರೆ ಯಾವುದಕ್ಕೆ ಸೇರುವವರಿಗೂ ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದು ತಿಳಿದೀತು ಎಂಬುದಷ್ಟೇ ನನ್ನ ಉದ್ದೇಶ.

ನಾನು ಹೋದದ್ದಕ್ಕೆ ಕಾರಣ ಮನೆಯದ್ದೇ. ನನ್ನ ಅಜ್ಜಿಗೆ ತೋಟದ ಯಾವ ಹುತ್ತದ ಬಳಿ ಯಾವ ವಾರ ಅಣಬೆ ಏಳುತ್ತದೆ ಎಂಬುದು ಗೊತ್ತಿತ್ತು. ಗುಡುಗು ಬಂದ ಮೂರನೆಯ ದಿನ ಬುಟ್ಟಿ ಹಿಡಿದು ಹೋದರೆ ಬರಿಗೈಲಿ ಬಂದದ್ದಿಲ್ಲ. ಅಮ್ಮನಿಗೆ ಅದರಲ್ಲಿ ಅರ್ಧ ಗೊತ್ತು. ನನಗೆ ಗೊತ್ತಿದ್ದದ್ದು ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬಟನ್ ಅಣಬೆ ಮಾತ್ರ. ಮೂರು ತಲೆಮಾರಿನಲ್ಲಿ ಹೀಗೆ ಕರಗಿಹೋದದ್ದನ್ನು ಎರಡು ದಿನದಲ್ಲಿ ಗಳಿಸಿಬಿಡಬಹುದೆಂಬ ಭ್ರಮೆ ನನಗಿರಲಿಲ್ಲ. ಆದರೆ ಯಾವುದನ್ನು ಮುಟ್ಟಬಾರದು ಎಂಬುದನ್ನಾದರೂ ಕಲಿಯಬಹುದೆಂದುಕೊಂಡಿದ್ದೆ, ಆ ಮಟ್ಟಿಗೆ ಶಿಬಿರ ನಿರಾಸೆ ಮಾಡಲಿಲ್ಲ.

ಕಲಿಸಿದವರು ಇಬ್ಬರು. ಒಬ್ಬರು ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರು. ಇನ್ನೊಬ್ಬರು ಅದೇ ಊರಿನವರು, ಐವತ್ತು ದಾಟಿದ ಹೆಂಗಸು, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಇವರಿಬ್ಬರನ್ನು ಒಟ್ಟಿಗೆ ನಿಲ್ಲಿಸಿದ್ದು ಈ ಶಿಬಿರದವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಮೇಷ್ಟರ ಬಳಿ ಹೆಸರುಗಳೂ ಕಾರಣಗಳೂ ಇದ್ದವು, ಅಕ್ಕನ ಬಳಿ ಜಾಗಗಳಿದ್ದವು. ಒಬ್ಬರು ತಡವರಿಸಿದಲ್ಲಿ ಇನ್ನೊಬ್ಬರು ಮಾತು ಮುಂದುವರಿಸುತ್ತಿದ್ದರು, ಮತ್ತು ಇಬ್ಬರಿಗೂ ಖಚಿತವಿಲ್ಲದ ಅಣಬೆಯನ್ನು ಇಬ್ಬರೂ ಸಂಕೋಚವಿಲ್ಲದೆ ಅಲ್ಲೇ ಬಿಟ್ಟು ಮುಂದೆ ನಡೆಯುತ್ತಿದ್ದರು. ಮೊದಲ ನಡಿಗೆಯಲ್ಲಿ ಕಂಡ ಅಣಬೆಗಳಲ್ಲಿ ಬುಟ್ಟಿಗೆ ಬಿದ್ದದ್ದು ಬೆರಳೆಣಿಕೆಯಷ್ಟು. ಉಳಿದವನ್ನು ನೋಡಿ, ಮೂಸಿ, ಚಿತ್ರ ತೆಗೆದು ಹಾಗೆಯೇ ಬಿಟ್ಟೆವು.

ಕಾಡಿಗೆ ಹೊರಡುವ ಮೊದಲು ಒಂದೂವರೆ ಗಂಟೆಯ ಪಾಠವಿತ್ತು. ಅದನ್ನು ಬೇಗ ಮುಗಿಸಿ ಹೊರಡೋಣವೆಂದು ಕೆಲವರು ಚಡಪಡಿಸಿದರೂ, ಕೊಟ್ಟ ಹಣಕ್ಕೆ ಸಾರ್ಥಕವೆನಿಸಿದ ಭಾಗ ಅದೇ. ಮೇಷ್ಟರು ಶುರುಮಾಡಿದ್ದು ಅಸ್ಸಾಮಿನಿಂದ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದ ಹಲವರು ದಿಬ್ರುಗಢದ ಅಸ್ಸಾಂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿದರು, ಅವರಲ್ಲಿ 13 ಮಂದಿ ಸತ್ತರು. ಹೆಚ್ಚಿನವರು ಚಹಾತೋಟದ ಕುಟುಂಬಗಳವರು. ಅಂದರೆ ಅಣಬೆಯನ್ನು ಮೊದಲ ಬಾರಿಗೆ ಕಂಡವರಲ್ಲ, ವರ್ಷ ವರ್ಷವೂ ಆಯ್ದು ತಿನ್ನುವ ರೂಢಿಯಿದ್ದವರು. ರೂಢಿಯಿದ್ದವರೇ ಹೀಗೆ ಸಾಯುವುದೇಕೆ ಎಂಬ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿಟ್ಟು, ಅದಕ್ಕೆ ಉತ್ತರವಾಗಿ ಅವರು ಅಮಾನಿಟಾ ಎಂಬ ಕುಲದ ಬಗ್ಗೆ ಹೇಳತೊಡಗಿದರು.

ಆ ಕುಲದಲ್ಲಿ ತಿನ್ನುವಂಥವೂ ಇವೆ, ಆದರೆ ಜಗತ್ತಿನಲ್ಲಿ ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣವಾಗುವ ಡೆತ್ ಕ್ಯಾಪ್, ಅಂದರೆ ಅಮಾನಿಟಾ ಫ್ಯಾಲಾಯ್ಡಿಸ್, ಇರುವುದೂ ಅದರಲ್ಲೇ. ಅದರ ವಿಷ ಅಮಾಟಾಕ್ಸಿನ್. ಕುದಿಸಿದರೂ, ಹುರಿದರೂ, ಒಣಗಿಸಿ ಡಬ್ಬಿಯಲ್ಲಿಟ್ಟರೂ ಅದು ಹಾಳಾಗುವುದಿಲ್ಲ. ರುಚಿಯಲ್ಲಿ ಕಹಿಯಾಗಲಿ ಘಾಟಾಗಲಿ ಇಲ್ಲ, ಬದುಕಿ ಉಳಿದವರು ರುಚಿಯಾಗಿತ್ತೆಂದೇ ಹೇಳಿದ್ದುಂಟು. ನಿಜವಾಗಿ ಮೋಸ ಮಾಡುವುದು ಅದರ ಕಾಲಗತಿ. ತಿಂದ ಆರು ಗಂಟೆಗಳವರೆಗೆ, ಎಷ್ಟೋ ಸಲ ಹನ್ನೆರಡು ಗಂಟೆ ಕಳೆದರೂ, ಏನೂ ಆಗುವುದಿಲ್ಲ. ಆಮೇಲೆ ವಾಂತಿ, ನೀರಿನಂತೆ ಭೇದಿ, ಹೊಟ್ಟೆ ಹಿಂಡುವ ನೋವು. ಒಂದು ದಿನ ಕಳೆದ ಮೇಲೆ ಅದು ಇಳಿಯುತ್ತದೆ, ರೋಗಿ ಎದ್ದು ಕೂರುತ್ತಾನೆ, ಗಂಜಿ ಕುಡಿಯುತ್ತಾನೆ, ಮನೆಯವರು ಗಂಡಾಂತರ ಕಳೆಯಿತೆಂದುಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ ವಿಷವು ಯಕೃತ್ತಿನ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆಗೆ ಮೂಲವಾದ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಣ್ಣು ಹಳದಿಯಾಗುತ್ತದೆ, ಯಕೃತ್ತು ಸೋಲುತ್ತದೆ. ಸಿಲಿಬಿನಿನ್, ಅಸಿಟೈಲ್‌ಸಿಸ್ಟೀನ್ ಮುಂತಾದ ಔಷಧಿಗಳನ್ನು ಕೊಡುತ್ತಾರಾದರೂ ಇದಕ್ಕೆಂದೇ ಖಚಿತವಾದ ಪ್ರತಿವಿಷವಿಲ್ಲ. ಕೈಮೀರಿದಾಗ ಉಳಿಯುವುದು ಯಕೃತ್ತಿನ ಕಸಿಯೊಂದೇ. ಈ ವಿವರವನ್ನು ಮೇಷ್ಟರು ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ರೈಲಿನ ವೇಳಾಪಟ್ಟಿ ಓದುವವರಂತೆ ಹೇಳಿದರು. ಅದರಿಂದಲೇ ಇರಬೇಕು, ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು.

ಅವರು ಮತ್ತೆ ಮತ್ತೆ ಹೇಳಿದ ಒಂದು ಮಾತನ್ನು ಇಲ್ಲಿ ದಾಖಲಿಸಬೇಕು: ಅಣಬೆ ತಿಂದ ಒಂದೆರಡು ಗಂಟೆಯೊಳಗೆ ವಾಂತಿಯಾದರೆ ಅದು ಬಹುಮಟ್ಟಿಗೆ ಜೀವ ತೆಗೆಯದ ಬಗೆಯ ವಿಷವೆಂದು ಊಹಿಸಬಹುದಾದರೂ, ಒಂದೇ ಊಟದಲ್ಲಿ ಎರಡು ಬಗೆಯ ಅಣಬೆ ಸೇರಿದ್ದರೆ ಆ ಊಹೆಗೂ ಬೆಲೆಯಿಲ್ಲ. ಮೊದಲ ವಾಂತಿ ಒಂದರದ್ದಾಗಿರಬಹುದು, ಮೌನವಾಗಿ ಕೆಲಸ ಮಾಡುತ್ತಿರುವುದು ಇನ್ನೊಂದಾಗಿರಬಹುದು. ಈ ಮಾತನ್ನು ಓದುಗರು ನೆನಪಿಟ್ಟುಕೊಂಡಿರಬೇಕು, ಶನಿವಾರ ರಾತ್ರಿಯ ಊಟದ ವಿಷಯ ಬಂದಾಗ ಬೇಕಾಗುತ್ತದೆ.

ಆನಂತರ ಅವರು ಕೈಗೆತ್ತಿಕೊಂಡದ್ದು ನಂಬಿಕೆಗಳನ್ನು. ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಬೇಯುವಾಗ ಹಾಕಿದ ಬೆಳ್ಳುಳ್ಳಿಯೋ ಅನ್ನವೋ ಬಣ್ಣ ಬದಲಿಸಿದರೆ ವಿಷ, ಕೊಡೆಯ ಸಿಪ್ಪೆ ಸುಲಿಯಲು ಬಂದರೆ ತಿನ್ನಬಹುದು, ಹುಳ ಕಡಿದಿದ್ದರೆ ತಿನ್ನಬಹುದು, ಹುಣಿಸೆಹುಳಿಯಲ್ಲಿ ಕುದಿಸಿದರೆ ಎಲ್ಲ ವಿಷವೂ ಹೋಗುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರೂ ಇವುಗಳಲ್ಲಿ ಒಂದನ್ನಾದರೂ ಮನೆಯಲ್ಲಿ ಕೇಳಿಕೊಂಡು ಬಂದಿದ್ದೆವು. ಒಂದೂ ನಿಜವಲ್ಲ. ಗೊಂಡೆಹುಳುಗಳು ಡೆತ್ ಕ್ಯಾಪನ್ನು ಯಾವ ತೊಂದರೆಯೂ ಇಲ್ಲದೆ ಮೇಯುತ್ತವೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ಅಮಾಟಾಕ್ಸಿನ್ ಇದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಷ್ಟಾದರೂ ಶಿಬಿರಕ್ಕೆ ಬಂದಿದ್ದ ಒಬ್ಬ ಹಿರಿಯರು ಕೊನೆಯವರೆಗೂ ಬೆಳ್ಳಿ ಚಮಚದ ಪಕ್ಷ ಬಿಡಲಿಲ್ಲ. ಅವರಿಗೆ ಅಕ್ಕ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು: "ನಮ್ಮನೇಲಿ ಬೆಳ್ಳಿ ಚಮಚ ಇದ್ದಿದ್ರೆ ನಾವು ಅಣಬೆ ಹುಡ್ಕಕ್ಕೆ ಯಾಕೆ ಹೋಗ್ತಿದ್ವಿ, ಮಾರಾಯ್ರೆ?"

ನಡಿಗೆಯ ಮಾತಿಗೆ ಬರುತ್ತೇನೆ. ಇಂಬಳಗಳ ಬಗ್ಗೆ ಶಿಬಿರದವರು ಮೊದಲೇ ಎಚ್ಚರಿಸಿದ್ದರು, ಸುಣ್ಣ ಮತ್ತು ಹೊಗೆಸೊಪ್ಪಿನ ಪೊಟ್ಟಣವನ್ನೂ ಕೊಟ್ಟರು, ಉಪಯೋಗ ಅಷ್ಟಕ್ಕಷ್ಟೇ. ಮನೆಯಿಂದ ಅರ್ಧ ಗಂಟೆ ದೂರದ ಒಂದು ಹುತ್ತದ ಪಕ್ಕದಲ್ಲಿ ನಾವು ಹುಡುಕಿಬಂದದ್ದು ಸಿಕ್ಕಿತು. ಹುತ್ತದ ಅಣಬೆಯೆಂದರೆ ಟರ್ಮಿಟೊಮೈಸಿಸ್ ಕುಲ. ಗೆದ್ದಲುಗಳು ತಮ್ಮ ಗೂಡಿನೊಳಗೆ ಎಲೆ, ಕಟ್ಟಿಗೆಯ ಚೂರುಗಳಿಂದ ಜೇನುಹಟ್ಟಿಯಂಥ ತೋಟ ಕಟ್ಟಿ ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸುತ್ತವೆ, ಮಳೆಗಾಲದಲ್ಲಿ ಅದೇ ತೋಟದಿಂದ ದಂಟು ಮಣ್ಣನ್ನು ಸೀಳಿಕೊಂಡು ಮೇಲೆದ್ದು ಕೊಡೆ ಬಿಚ್ಚುತ್ತದೆ. ಸೋಲನ್‌ನ ಅಣಬೆ ಸಂಶೋಧನಾ ನಿರ್ದೇಶನಾಲಯದಂಥ ಸಂಸ್ಥೆಗಳು ಬಟನ್, ಚಿಪ್ಪಣಬೆಗಳ ಕೃಷಿಯನ್ನು ಊರೂರಿಗೆ ಮುಟ್ಟಿಸಿರುವಾಗಲೂ, ಗೆದ್ದಲಿನ ಸಹಾಯವಿಲ್ಲದೆ ಇದನ್ನು ಬೆಳೆಯುವುದು ಕೈಗೂಡದಿರುವುದಕ್ಕೆ ಈ ಸಂಬಂಧವೇ ಕಾರಣ. ಅದಕ್ಕೇ ಇದು ಇನ್ನೂ ಹುಡುಕಿ ತರುವ ಪದಾರ್ಥವಾಗಿ ಉಳಿದಿದೆ, ಅದಕ್ಕೇ ಮಳೆಗಾಲದ ರಸ್ತೆಬದಿಯಲ್ಲಿ ಅದಕ್ಕೆ ಆ ಬೆಲೆ.

ನಮ್ಮಲ್ಲೊಬ್ಬರು ಉತ್ಸಾಹದಿಂದ ಅದನ್ನು ದಂಟಿನ ನಡುವೆ ಹಿಡಿದು ಕಿತ್ತರು. ಅಕ್ಕ ತಲೆಯಾಡಿಸಿ, ಪಕ್ಕದ ಇನ್ನೊಂದನ್ನು ಸಣ್ಣ ಕತ್ತಿಯಿಂದ ಸುತ್ತಲೂ ಮಣ್ಣು ಬಿಡಿಸುತ್ತಾ ಒಂದು ಗೇಣಿಗೂ ಹೆಚ್ಚು ಆಳಕ್ಕೆ ಇಳಿದು, ಬಾಲದಂತೆ ಸಪೂರವಾಗುತ್ತಾ ಹೋಗುವ ಬೇರಿನ ಸಮೇತ ಎತ್ತಿದರು. ಇಡೀ ಶಿಬಿರದಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತ ಕೈಕೆಲಸ ಇದು. ಅಣಬೆಯ ಜಾತಕವೆಲ್ಲ ಬುಡದಲ್ಲಿದೆ. ಅಮಾನಿಟಾಗಳು ಎಳೆಯದರಲ್ಲಿ ಒಂದು ಬಿಳಿಯ ಪೊರೆಯೊಳಗೆ ಮೊಟ್ಟೆಯಂತೆ ಸುತ್ತಿಕೊಂಡಿರುತ್ತವೆ. ಬೆಳೆಯುವಾಗ ಪೊರೆ ಹರಿದು, ಅದರ ಕೆಳಭಾಗ ಬುಡದಲ್ಲಿ ಚೀಲದಂತೆಯೋ ಬಟ್ಟಲಿನಂತೆಯೋ ಮಣ್ಣಿನಡಿಯಲ್ಲೇ ಉಳಿದುಬಿಡುತ್ತದೆ. ದಂಟನ್ನು ನೆಲಮಟ್ಟದಲ್ಲಿ ಕೊಯ್ದು ತಂದವನ ಕೈಯಲ್ಲಿ ಸುಂದರವಾದ ಬಿಳಿಯ ಅಣಬೆ ಇರುತ್ತದೆ, ಅದು ಏನೆಂದು ಹೇಳಬಲ್ಲ ಮುಖ್ಯ ಸಾಕ್ಷಿ ಕಾಡಿನಲ್ಲೇ ಉಳಿದಿರುತ್ತದೆ.

ಆದರೆ ಉದ್ದ ಬೇರು ಕಂಡರೆ ತಿನ್ನಬಹುದು ಎಂದು ಯಾರೋ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದಾಗ ಮೇಷ್ಟರು ತಡೆದರು. ಬೇರಿನಂಥ ಬಾಲವಿರುವ ಬೇರೆ ಅಣಬೆಗಳೂ ಇವೆ. ಅಷ್ಟೇ ಅಲ್ಲ, ಅದೇ ಕುಲದ ನುಚ್ಚಣಬೆ, ಅಂದರೆ ಗೆದ್ದಲುಗಳು ಹೊರತಂದು ಹರಡಿದ ತೋಟದ ಚೂರುಗಳ ಮೇಲೆ ಅಕ್ಕಿ ಚೆಲ್ಲಿದಂತೆ ನೂರಾರು ಏಳುವ ಪುಟ್ಟ ಅಣಬೆಗೆ, ಉದ್ದ ಬೇರೇ ಇಲ್ಲ. ಒಂದು ಲಕ್ಷಣದಿಂದ ಯಾವ ಅಣಬೆಯೂ ತೀರ್ಮಾನವಾಗುವುದಿಲ್ಲ. ಎಲ್ಲಿ ಎದ್ದಿದೆ, ಯಾವ ಮರದಡಿ, ಕೊಡೆಯ ನಡುವೆ ಮೊನೆಯಿದೆಯೇ, ಕೊಡೆಯಡಿಯಲ್ಲಿ ಮೀನಿನ ಕಿವಿರಿನಂಥ ಪದರಗಳು ದಂಟಿಗೆ ಅಂಟಿವೆಯೇ ಬಿಡಿಯಾಗಿವೆಯೇ, ದಂಟಿನ ಮೇಲೆ ಉಂಗುರವಿದೆಯೇ, ಬುಡದಲ್ಲಿ ಚೀಲವಿದೆಯೇ, ಕೊಯ್ದರೆ ಬಣ್ಣ ತಿರುಗುತ್ತದೆಯೇ, ಬೀಜಕದ, ಅಂದರೆ ಅಣಬೆ ಬೀಜದಂತೆ ಉದುರಿಸುವ ಪುಡಿಯ, ಬಣ್ಣವೇನು ಎಂಬ ಎಲ್ಲ ಉತ್ತರಗಳೂ ಒಂದೇ ಕಡೆಗೆ ಕೈತೋರಬೇಕು. ಒಂದು ಉತ್ತರ ಬೇರೆ ದಿಕ್ಕಿಗೆ ಹೋದರೂ ಅಣಬೆ ಬುಟ್ಟಿಗೆ ಹೋಗಬಾರದು.

ಬೀಜಕದ ಅಚ್ಚು ತೆಗೆಯುವುದು ನನಗೆ ಹೊಸದು. ದಂಟನ್ನು ಕತ್ತರಿಸಿ, ಕೊಡೆಯನ್ನು ಕಿವಿರು ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು, ಮೇಲೊಂದು ಲೋಟ ಬೋರಲು ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಎತ್ತಿದರೆ ಕಾಗದದ ಮೇಲೆ ರಂಗೋಲಿಯ ಎಳೆಗಳಂತೆ ಬೀಜಕದ ಪುಡಿ ಇಳಿದಿರುತ್ತದೆ. ಹುತ್ತದ ಅಣಬೆಯದ್ದು ಮಾಸಲು ಗುಲಾಬಿ, ಅಮಾನಿಟಾದ್ದು ಬಿಳಿ. ಬಿಳಿಯ ಅಚ್ಚು ಬಿಳಿಯ ಕಾಗದದಲ್ಲಿ ಕಾಣುವುದಿಲ್ಲವೆಂದೇ ಕಪ್ಪು ಅರ್ಧ. ಯಾವ ಉಪಕರಣವೂ ಬೇಡದ, ಮಕ್ಕಳೂ ಮಾಡಬಹುದಾದ ಪರೀಕ್ಷೆ. ಶನಿವಾರ ಸಂಜೆ ಏಳಕ್ಕೆ ಹನ್ನೊಂದು ಕೊಡೆಗಳನ್ನು ಹೀಗೆ ಜಗಲಿಯ ಮೇಜಿನ ಮೇಲೆ ಸಾಲಾಗಿ ಇಟ್ಟೆವು.

ಕರಾವಳಿಯಿಂದ ಬಂದಿದ್ದ ದಂಪತಿ ಕಲ್ಲಣಬೆಯ ವಿಷಯ ಎತ್ತಿದರು. ಮುಂಗಾರಿನ ಆರಂಭದಲ್ಲಿ ಉಡುಪಿ, ಕಾರ್ಕಳದ ಕಡೆ ಮಣ್ಣಿನೊಳಗಿಂದ ಕೆದಕಿ ತೆಗೆಯುವ, ಗೋಲಿಯಂಥ, ಕಚ್ಚಿದರೆ ಕಟಕ್ಕೆನ್ನುವ ಆ ಅಣಬೆ ಆಸ್ಟ್ರಿಯಸ್ ಕುಲದ್ದು. ಅದನ್ನೇ ಹೋಲುವ ಸ್ಕ್ಲೆರೊಡರ್ಮಾ ವಿಷಕಾರಿ. ಅದರ ಒಳತಿರುಳು ಬೇಗನೆ ನೇರಳೆ ಕಪ್ಪಿಗೆ ತಿರುಗುತ್ತದೆ. ಕಲ್ಲಣಬೆಯೂ ಬಲಿತರೆ ಒಳಗೆ ಕಪ್ಪಾಗುವುದರಿಂದ, ಹೋಳು ಮಾಡಿದಾಗ ಅಚ್ಚ ಬಿಳಿಯಲ್ಲದ ಉಂಡೆ ಯಾವುದಾದರೂ ಎಸೆಯುವುದೇ ಎಂದು ಆ ದಂಪತಿಯಲ್ಲಿ ಹೆಂಡತಿಯೇ ಹೇಳಿದರು. ಮೇಷ್ಟರು ಅದಕ್ಕೆ ಒಂದು ಮಾತು ಸೇರಿಸಿದರು: ಉಂಡೆಯಾಕಾರದ ಯಾವ ಅಣಬೆಯನ್ನಾದರೂ ನೆತ್ತಿಯಿಂದ ಬುಡಕ್ಕೆ ಸೀಳಿ ನೋಡಬೇಕು, ಒಳಗೆ ಕೊಡೆ ದಂಟುಗಳ ರೇಖೆ ಚಿತ್ರ ಬರೆದಂತೆ ಕಂಡರೆ ಅದು ಉಂಡೆಯಲ್ಲ, ಬಿಚ್ಚದ ಅಮಾನಿಟಾ ಇರಬಹುದು. ನಾನು ಕೈಪಿಡಿಯಲ್ಲಿ ಈ ಚಿತ್ರಕ್ಕಾಗಿ ಹುಡುಕಿದೆ. ಇರಲಿಲ್ಲ.

ಕೈಪಿಡಿಯ ಬಗ್ಗೆ ಹೇಳಲು ಇದೇ ಸರಿಯಾದ ಜಾಗ. ಅದು ನೀರಿಗೆ ಹಾಳಾಗದ ದಪ್ಪ ಕಾಗದದ 40 ಪುಟಗಳ ಪುಸ್ತಕ, ನೋಡಲು ಅಂದವಾಗಿದೆ, ಉಪಯೋಗಕ್ಕೆ ದುರ್ಬಲ. ಹೆಚ್ಚಿನ ಚಿತ್ರಗಳು ಮೇಲಿನಿಂದ ತೆಗೆದವು. ಕಿವಿರು, ಉಂಗುರ, ಬುಡ ಒಂದೂ ಕಾಣುವುದಿಲ್ಲ. ಅರ್ಧಕ್ಕರ್ಧ ಯುರೋಪಿನ ಅಣಬೆಗಳು, ಆಗುಂಬೆಯ ಮಳೆಯಲ್ಲಿ ಅವುಗಳ ಸುಳಿವೇ ಇಲ್ಲ. ಕೊಡಗಿನಲ್ಲಿ ಕುಮ್ಮು ಎನ್ನುವುದನ್ನು, ತುಳುವಿನಲ್ಲಿ ಲಾಂಬು ಎನ್ನುವುದನ್ನು, ನಮ್ಮ ಕಡೆಯ ನುಚ್ಚಣಬೆಯನ್ನು ಪುಸ್ತಕ ಎಲ್ಲಿಯೂ ಹೆಸರಿಸುವುದಿಲ್ಲ. ಲ್ಯಾಟಿನ್ ಹೆಸರು ಬೇಕೇಬೇಕು, ಊರಿನ ಹೆಸರೊಂದನ್ನೇ ನಂಬುವುದು ಅಪಾಯ ಎಂಬುದನ್ನು ಒಪ್ಪುತ್ತೇನೆ. ಆದರೆ ಊರಿನವರೊಡನೆ ಮಾತಾಡಿ ಕಲಿಯಬೇಕಾದವನಿಗೆ ಎರಡೂ ಬೇಕು.

ಕೈಪಿಡಿಯ ಹಿಂಬದಿಯಲ್ಲಿ ಫೋನಿನಲ್ಲಿ ಚಿತ್ರ ತೆಗೆದರೆ ಅಣಬೆಯ ಹೆಸರು ಹೇಳುವ ಆ್ಯಪ್ ಒಂದರ ಶಿಫಾರಸು ಇತ್ತು. ಇದು ನನಗೆ ಸರಿಕಾಣಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಇಂಥ ಮೂರು ಆ್ಯಪ್‌ಗಳನ್ನು ತಜ್ಞರು ಗುರುತಿಸಿದ ಅಣಬೆಗಳ ಚಿತ್ರಗಳೊಂದಿಗೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಆ್ಯಪ್ ಸರಿಯುತ್ತರ ಹೇಳಿದ್ದು ಶೇ. 49ರಷ್ಟು ಸಲ ಮಾತ್ರ. ಉಳಿದೆರಡು ಅದಕ್ಕೂ ಕೆಳಗೆ. ನಾಣ್ಯ ಚಿಮ್ಮಿ ನೋಡುವುದಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ನಾನೂ ಕುತೂಹಲಕ್ಕೆ ಶಿಫಾರಸಾದ ಆ್ಯಪ್‌ಗೆ ಅಕ್ಕ ಬೇರುಸಮೇತ ಕಿತ್ತ ಹುತ್ತದ ಅಣಬೆಯನ್ನು ಮೂರು ಕೋನಗಳಿಂದ ತೋರಿಸಿದೆ. ಅದು ಮೂರು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿತು, ಮೂರರ ಮುಂದೆಯೂ ಹಸಿರು ಗುರುತು ಹಾಕಿತ್ತು. ಪುಸ್ತಕ ಕೊಳ್ಳುತ್ತೇವೆನ್ನುವವರಿಗೂ ಒಂದು ಎಚ್ಚರಿಕೆ: 2023ರ ಆಗಸ್ಟ್‌ನಲ್ಲಿ ಅಣಬೆಗಳ ಅಧ್ಯಯನಕ್ಕೆಂದೇ ಇರುವ ನ್ಯೂಯಾರ್ಕಿನ ಮೈಕಾಲಜಿಕಲ್ ಸೊಸೈಟಿಯವರು, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಅಣಬೆ ಮಾರ್ಗದರ್ಶಿಗಳು ಆನ್‌ಲೈನ್ ಮಳಿಗೆಗಳಲ್ಲಿ ಮಾರಾಟಕ್ಕಿವೆ, ಅವನ್ನು ನಂಬಬೇಡಿ ಎಂದು ಎಚ್ಚರಿಸಬೇಕಾಯಿತು. ಬರೆದವರು ಯಾರು, ಅವರು ಯಾವ ಪ್ರದೇಶದಲ್ಲಿ ಕೆಲಸ ಮಾಡಿದವರು ಎಂಬುದು ಗೊತ್ತಾಗದ ಅಣಬೆ ಪುಸ್ತಕಕ್ಕೆ ದುಡ್ಡು ಕೊಡಬಾರದು.

ಪ್ರದೇಶದ ಮಾತು ಬಂದದ್ದರಿಂದ, ಭಾನುವಾರದ ಪಾಠದ ಒಂದು ಭಾಗವನ್ನು ಹೊರದೇಶದಲ್ಲಿರುವ ನಮ್ಮವರಿಗಾಗಿ ಇಲ್ಲಿ ತರುತ್ತೇನೆ. ಭತ್ತದ ಹುಲ್ಲಿನ ಮೇಲೆ ಬೆಳೆಯುವ ಹುಲ್ಲಣಬೆಯನ್ನು ಏಷ್ಯಾದ ಅರ್ಧಭಾಗ ತಿನ್ನುತ್ತದೆ. ಅದಕ್ಕೂ ಬುಡದಲ್ಲಿ ಚೀಲವಿದೆ. ಕ್ಯಾಲಿಫೋರ್ನಿಯಾದ ಓಕ್ ಮರಗಳಡಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಬೀದಿಮರಗಳಡಿ ಎದ್ದ ಡೆತ್ ಕ್ಯಾಪನ್ನು ಇದೇ ಹುಲ್ಲಣಬೆ ಎಂದುಕೊಂಡು ತಿಂದ ಏಷ್ಯಾದ ವಲಸಿಗರು ಸತ್ತಿದ್ದಾರೆ. ಕ್ಯಾನ್‌ಬೆರಾದಲ್ಲಿ 2012ರ ಹೊಸವರ್ಷದ ಹಿಂದಿನ ರಾತ್ರಿಯ ಊಟ ಇಬ್ಬರನ್ನು ಬಲಿತೆಗೆದುಕೊಂಡಿತು. ಅವರು ಅಜ್ಞಾನಿಗಳಾಗಿರಲಿಲ್ಲ, ತಮ್ಮ ಊರಿನ ಅಣಬೆಯನ್ನು ಚೆನ್ನಾಗಿಯೇ ಬಲ್ಲವರು. ಊರಿನಲ್ಲಿ ಆ ರೂಪದ ವಿಷದಣಬೆ ಇಲ್ಲದಿದ್ದರೆ ಕಣ್ಣಿಗೆ ಅನುಮಾನಿಸುವ ಅಭ್ಯಾಸವೇ ಆಗಿರುವುದಿಲ್ಲ. ಹುಲ್ಲಣಬೆಯ ಬೀಜಕದ ಅಚ್ಚು ಗುಲಾಬಿ, ಡೆತ್ ಕ್ಯಾಪಿನದ್ದು ಬಿಳಿ. ಒಂದು ರಾತ್ರಿ ಕಾದಿದ್ದರೆ ತಿಳಿಯುತ್ತಿತ್ತು. ಹುತ್ತದ ಅಣಬೆಯಂತೂ ಅದನ್ನು ಬೆಳೆಸುವ ಗೆದ್ದಲುಗಳಿರುವ ಏಷ್ಯಾ, ಆಫ್ರಿಕಾಗಳಲ್ಲಿ ಮಾತ್ರ ಏಳುತ್ತದೆ. ಅಮೆರಿಕದಲ್ಲಿರುವ ಮಲೆನಾಡಿಗರು ಮನೆಯ ಹಿಂದಿನ ಕಾಡಿನಲ್ಲಿ ಅಜ್ಜಿಯ ಅಣಬೆ ಕಂಡೆವೆಂದುಕೊಂಡರೆ, ಅದು ಅಜ್ಜಿಯ ಅಣಬೆಯಲ್ಲ.

ಈಗ ಶನಿವಾರ ರಾತ್ರಿಯ ಊಟಕ್ಕೆ ಬರುತ್ತೇನೆ. ಇಷ್ಟೆಲ್ಲ ಕಲಿಸಿದವರೇ ಅದನ್ನು ಹೇಗೆ ಒಪ್ಪಿದರೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಬೀಜಕದ ಅಚ್ಚಿಗಾಗಿ ಕೊಡೆಗಳನ್ನು ಕಾಗದದ ಮೇಲಿಟ್ಟದ್ದು ಏಳು ಗಂಟೆಗೆ. ಎಂಟೂವರೆಗೆ ಅದೇ ಬುಟ್ಟಿಯ ಉಳಿದ ಅಣಬೆಗಳು ಸಾರಾಗಿ ಎಲೆಗೆ ಬಂದವು. ಪರೀಕ್ಷೆಯ ಉತ್ತರ ಬರುವ ಮೊದಲೇ ಫಲಿತಾಂಶವನ್ನು ಬಡಿಸಿದ ಹಾಗೆ. ಅಕ್ಕ ತಾವೇ ಆಯ್ದದ್ದನ್ನು ಬೇರೆ ಇಟ್ಟಿದ್ದರು, ಅದನ್ನು ನಾನು ಕಣ್ಣುಮುಚ್ಚಿ ತಿನ್ನುತ್ತಿದ್ದೆ. ಆದರೆ ಅಡುಗೆಮನೆಯಲ್ಲಿ ಯಾರೋ ಅದನ್ನೂ ನಮ್ಮಂಥ ಹೊಸಬರು ಎರಡನೆಯ ನಡಿಗೆಯಲ್ಲಿ ಕಿತ್ತು ತಂದದ್ದನ್ನೂ ಒಂದೇ ಪಾತ್ರೆಗೆ ಸುರಿದಿದ್ದರು. ಮೇಷ್ಟರು ಬುಟ್ಟಿಯ ಮೇಲೊಮ್ಮೆ ಕಣ್ಣಾಡಿಸಿದ್ದರಂತೆ. ಬೆಂದ ಮೇಲೆ ಅಣಬೆಗೆ ಯಾವ ಗುರುತೂ ಉಳಿಯುವುದಿಲ್ಲವೆಂಬುದು ಅವರೇ ಬೆಳಿಗ್ಗೆ ಹೇಳಿಕೊಟ್ಟ ಪಾಠ. ನಾನು ಬೇಳೆ ಸಾರಿನಲ್ಲಿ ಊಟ ಮುಗಿಸಿದೆ, ಅತಿ ಎಚ್ಚರಿಕೆಯವರೆಂಬ ನಗೆಚಾಟಿಕೆಯನ್ನೂ ಕೇಳಿಸಿಕೊಂಡೆ.

ಬೆಳಿಗ್ಗೆ ಲೋಟಗಳನ್ನು ಎತ್ತಿದಾಗ ಹನ್ನೊಂದರಲ್ಲಿ ಹತ್ತು ನಿರೀಕ್ಷಿಸಿದಂತೆಯೇ ಇದ್ದವು. ಹನ್ನೊಂದನೆಯದನ್ನು ಹುತ್ತದ ಅಣಬೆಯೆಂದೇ ಬರೆದಿಟ್ಟಿದ್ದೆವು. ಕೀಳುವಾಗ ಬೇರು ಮುರಿದಿದ್ದ, ಬುಡವಿಲ್ಲದ ಅಣಬೆ ಅದು. ಕಪ್ಪು ಅರ್ಧದ ಮೇಲೆ ಅದರ ಅಚ್ಚು ಸುಣ್ಣದ ಪುಡಿಯಷ್ಟು ಬಿಳಿಯಾಗಿತ್ತು. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅದರ ಜೊತೆಯವು ಪಾತ್ರೆಗೆ ಹೋಗಿದ್ದವೇ ಎಂದು ಕೇಳಿದರೆ ಅಡುಗೆಯವರಿಗೆ ನೆನಪಿಲ್ಲ. ಬಿಳಿಯ ಬೀಜಕದ ಅಣಬೆಗಳೆಲ್ಲ ವಿಷವೇನಲ್ಲ, ತಿನ್ನುವಂಥವೇ ಎಷ್ಟೋ ಇವೆ. ಯಾರಿಗೂ ಏನೂ ಆಗಲೂ ಇಲ್ಲ. ಆದರೆ ಹಿಂದಿನ ದಿನ ಕೇಳಿದ ಆ ವೇಳಾಪಟ್ಟಿ ತಲೆಯಲ್ಲಿದ್ದುದರಿಂದ, ಭಾನುವಾರ ಮಧ್ಯಾಹ್ನದವರೆಗೂ ಎಲ್ಲರೂ ಗಡಿಯಾರ ನೋಡುತ್ತಲೇ ಇದ್ದರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬೇಯಿಸಿದ ಪ್ರತಿಯೊಂದು ಬಗೆಯಲ್ಲೂ ಒಂದು ಇಡೀ ಹಸಿ ಅಣಬೆಯನ್ನು, ಬುಡಸಮೇತ, ಕಾಗದದಲ್ಲಿ ಸುತ್ತಿ ಎತ್ತಿಡಬೇಕಾಗಿತ್ತು. ಯಾರಾದರೂ ಹಾಸಿಗೆ ಹಿಡಿದರೆ ವೈದ್ಯರು ಮೊದಲು ಕೇಳುವುದು ಏನು ತಿಂದಿರಿ, ಎಷ್ಟು ಹೊತ್ತಾಯಿತು ಎಂಬುದನ್ನು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವನ್ನು ಫೋನಿನಲ್ಲಿ ಸಂಪರ್ಕಿಸಿದರೂ ಅದೇ ಪ್ರಶ್ನೆ ಬರುತ್ತದೆ. ಆ ರಾತ್ರಿ ನಮ್ಮ ಬಳಿ ತೋರಿಸಲು ಏನೂ ಇರುತ್ತಿರಲಿಲ್ಲ. ಊಟದ ಜೊತೆ ಮದ್ಯವಿದ್ದದ್ದೂ ಸರಿಯಲ್ಲ: ಶಾಯಿಯಂತೆ ಕರಗಿಹೋಗುವ ಕೊಡೆಯ ಒಂದು ಅಣಬೆ ತನ್ನಷ್ಟಕ್ಕೆ ಸಾಧುವಾದರೂ ಮದ್ಯ ಸೇರಿದರೆ ಮುಖ ಕೆಂಪೇರಿಸಿ, ಎದೆ ಹೊಡೆದುಕೊಂಡು, ವಾಂತಿ ಮಾಡಿಸುತ್ತದೆ. ಅದನ್ನೂ ಪಾಠದಲ್ಲಿ ಹೇಳಿದ್ದರು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ವಸತಿ ಶುಚಿ, ಬಿಸಿನೀರು ಧಾರಾಳ, ಬೆಳಗಿನ ಕಡುಬು ಮರೆಯುವಂಥದ್ದಲ್ಲ. ಮೂರನೆಯ ನಡಿಗೆ ಮಳೆಯಿಂದ ಅರ್ಧಕ್ಕೇ ನಿಂತಿತು, ಅದು ಯಾರ ತಪ್ಪೂ ಅಲ್ಲ. ನಡೆದ ಜಾಗ ಖಾಸಗಿ ತೋಟವೋ ಮೀಸಲು ಅರಣ್ಯವೋ ಎಂದು ಕೇಳಿದ್ದಕ್ಕೆ ಸ್ಪಷ್ಟ ಉತ್ತರ ಸಿಗಲಿಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲವಾದ್ದರಿಂದ ಇದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬೆಂಗಳೂರಿಗೆ ಮರಳಿದ ಹತ್ತು ದಿನಗಳ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಅಂಗೈಗಿಂತ ಅಗಲವಾದ, ಬಿಳಿಯ ಮೇಲೆ ಕಂದು ಚಕ್ಕೆಗಳಿರುವ ಏಳೆಂಟು ಅಣಬೆಗಳು ವೃತ್ತಾಕಾರದಲ್ಲಿ ಎದ್ದವು. ತೋಟದ ಕೆಲಸದವರು ಅವನ್ನು ಮನೆಗೆ ಒಯ್ಯಲು ಚೀಲ ತಂದಿದ್ದರು. ತಮ್ಮ ಊರಿನಲ್ಲಿ ಇಂಥದ್ದನ್ನು ತಿನ್ನುತ್ತಾರೆಂದರು. ಕಿವಿರು ಬೆಳ್ಳಗಿತ್ತು, ದಂಟಿನ ಮೇಲೆ ಸರಿದಾಡುವ ಉಂಗುರವಿತ್ತು, ಬುಡದಲ್ಲಿ ಚೀಲವಿರಲಿಲ್ಲ. ಒಂದು ರಾತ್ರಿ ತಡೆಯಿರಿ ಅಣ್ಣಾ ಎಂದು ಬೇಡಿಕೊಂಡು ಒಂದು ಕೊಡೆಯನ್ನು ಕಾಗದದ ಮೇಲಿಟ್ಟೆ. ಬೆಳಿಗ್ಗೆ ಅಚ್ಚು ಪಾಚಿಯಂಥ ಹಸಿರು. ಕ್ಲೋರೊಫಿಲಮ್ ಮಾಲಿಬ್ಡೈಟಿಸ್, ಬೆಚ್ಚನೆಯ ದೇಶಗಳ ಹುಲ್ಲುಹಾಸುಗಳಲ್ಲೆಲ್ಲ ಏಳುವ, ತಿಂದ ಮೂರು ಗಂಟೆಯೊಳಗೆ ಕರುಳನ್ನೇ ಕಿತ್ತು ತರುವಂತೆ ವಾಂತಿ ಭೇದಿ ಮಾಡಿಸುವ ಅಣಬೆ. ಎಳೆಯದರಲ್ಲಿ ಕಿವಿರು ಬಿಳಿಯಾಗಿರುವುದರಿಂದ ಬರಿಗಣ್ಣಿಗೆ ಸಿಕ್ಕಿಬೀಳುವುದಿಲ್ಲ. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಚೀಲವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಊಟದ ವಿಷಯವಾಗಿ ನಾನು ಶಿಬಿರದವರಿಗೆ ಉದ್ದನೆಯ ಪತ್ರ ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು: ಮುಂದಿನ ಮಳೆಗಾಲದಿಂದ ಶಿಬಿರಾರ್ಥಿಗಳು ಕಿತ್ತದ್ದನ್ನು ಅಡುಗೆಗೆ ಬಳಸುವುದಿಲ್ಲ, ಅಕ್ಕ ಆಯ್ದದ್ದನ್ನು ಮಾತ್ರ, ಅಚ್ಚು ನೋಡಿದ ಮೇಲೆ, ಭಾನುವಾರ ಮಧ್ಯಾಹ್ನದ ಊಟಕ್ಕೆ ಬಡಿಸುತ್ತೇವೆ, ಮಾದರಿಗಳನ್ನು ಎತ್ತಿಡುತ್ತೇವೆ. ಆ್ಯಪಿನ ಶಿಫಾರಸಿನ ಬಗ್ಗೆ ಏನೂ ಬರೆದಿರಲಿಲ್ಲ. ಕಲಿಕೆಗಾಗಿ ಹೋಗುವವರಿಗೆ ಐದರಲ್ಲಿ ನಾಲ್ಕು ಅಂಕ, ಕೈಪಿಡಿಗೆ ಎರಡು. ಆ ರಾತ್ರಿಯ ಊಟಕ್ಕೆ ಅಂಕ ಕೊಡುವುದಿಲ್ಲ. ಕಾಡಣಬೆಯ ರುಚಿ ನೋಡಲೆಂದೇ ಹೋಗುವವರು ಆ 5,200 ರೂಪಾಯಿಯಲ್ಲಿ ಸ್ವಲ್ಪ ಭಾಗವನ್ನು ಶ್ರಾವಣದಲ್ಲಿ ಊರಿನ ಪರಿಚಿತರ ಕೈಗೆ ಕೊಟ್ಟರೆ, ಅದಕ್ಕಿಂತ ಹೆಚ್ಚು ಅಣಬೆ ಬೇರುಸಮೇತ ಮನೆಗೇ ಬರುತ್ತದೆ.